ಮ್ಯೂಕರ್‌ನಲ್ಲಿ ಹೂ ಶುರುವಾಗಿದೆ: ಬ್ಯಾಣ ನೋಡಿದವರು, ಹಿತ್ತಿಲಲ್ಲಿ ಹುಲ್ಲು ಬಿಟ್ಟವರು ಬನ್ನಿ

ಬ್ಯಾಣದಮನೆ (ಲೀಡ್ಸ್)
ಮೇ 31, ರಾತ್ರಿ 9:40

ನಿನ್ನೆ ಮ್ಯೂಕರ್‌ಗೆ ಹೋಗಿ ಬಂದೆವು. ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ ಸ್ವೇಲ್ ನದಿಯ ಕಣಿವೆಯಲ್ಲಿರುವ ಪುಟ್ಟ ಹಳ್ಳಿ. ಲೀಡ್ಸ್‌ನಿಂದ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ತಾಸು. ಊರು ದಾಟಿದ ಕೂಡಲೇ ಕಲ್ಲಿನ ಗೋಡೆಗಳ ನಡುವೆ ಹುಲ್ಲಿನ ಗದ್ದೆಗಳು. ಗದ್ದೆಯ ಮಧ್ಯೆ ಚಪ್ಪಡಿ ಹಾಸಿದ ಕಾಲುದಾರಿ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ.

ಬಟರ್‌ಕಪ್ ಪೂರ್ತಿ ಅರಳಿದೆ. ದೂರದಿಂದ ನೋಡಿದರೆ ಗದ್ದೆಗೆ ಗದ್ದೆಯೇ ಹಳದಿ. ಬಗ್ಗಿ ನೋಡಿದರೆ ಹಳದಿಯ ಕೆಳಗೆ ಬೇರೆ ಬಣ್ಣಗಳಿವೆ. ಪಿಗ್‌ನಟ್ ಅನ್ನುವ ಬಿಳಿ ಹೂ ಇದೆ. ಕೊತ್ತಂಬರಿ ಗಿಡ ಹೂ ಬಿಟ್ಟಾಗ ಕಾಣುತ್ತಲ್ಲ, ಥೇಟ್ ಹಾಗೇ. ಅದೂ ಕೊತ್ತಂಬರಿಯ ಕುಟುಂಬದ್ದೇ. ವುಡ್ ಕ್ರೇನ್ಸ್‌ಬಿಲ್ ಈಗಷ್ಟೇ ಶುರುವಾಗಿದೆ, ನೇರಳೆ ಬಣ್ಣ, ನಡುವೆ ಬಿಳಿ. ಕೆಂಪು ಕ್ಲೋವರ್ ಅಲ್ಲೊಂದು ಇಲ್ಲೊಂದು. ಸಾರೆಲ್‌ನ ತೆನೆ ಕೆಂಪಾಗಿ ಎದ್ದು ನಿಂತಿದೆ. ನಮ್ಮ ಚುಕ್ಕೆ ಸೊಪ್ಪಿನ ಹತ್ತಿರದ ನೆಂಟ ಅದು, ಎಲೆಯ ಹುಳಿಯೂ ಅದೇ.

ನಾನು ಹುಟ್ಟಿದ್ದು ಶಿರಸಿ ಕಡೆ. ನಮ್ಮ ಮನೆಗೆ ತೋಟದ ಮೇಲ್ಗಡೆ ಒಂದು ಬ್ಯಾಣ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬ್ಯಾಣ ಅಂದರೆ ಹುಲ್ಲು ಬೆಳೆಯಲೆಂದೇ ಬಿಟ್ಟ ಜಾಗ. ಉಳುವುದಿಲ್ಲ, ಬಿತ್ತುವುದಿಲ್ಲ. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ ಕೊಯ್ದು ಹೊರೆ ಕಟ್ಟಿ ತರುತ್ತಾರೆ. ಆ ಒಣಹುಲ್ಲಿಗೆ ಕರಡ ಅನ್ನುತ್ತೇವೆ. ಗೌರಿ ಹಬ್ಬದ ಹೊತ್ತಿಗೆ ನಮ್ಮ ಬ್ಯಾಣದಲ್ಲಿ ಕರ್ಣಕುಂಡಲ ಅರಳುತ್ತಿತ್ತು, ಬೇಲಿಯಲ್ಲಿ ಗೌರಿ ಹೂ. ಮ್ಯೂಕರ್‌ನ ಗೇಟಿನ ಹತ್ತಿರ ನಿಂತಾಗ ನನಗೆ ಮೊದಲು ನೆನಪಾಗಿದ್ದು ಅದು. ಇಷ್ಟು ವರ್ಷ ಇಲ್ಲಿದ್ದೂ ಇದು ಬ್ಯಾಣ ಅಂತ ಹೊಳೆದಿರಲಿಲ್ಲ. ಯಾರೋ ಹೂದೋಟ ಮಾಡಿದ್ದಾರೆ ಅಂದುಕೊಂಡಿದ್ದೆ.

ಈಗ ಪ್ರಶ್ನೆ. ಹಿತ್ತಿಲ ಲಾನ್‌ನಲ್ಲಿ ಉದ್ದ ಮೂರು, ಅಗಲ ಎರಡು ಮೀಟರ್ ಜಾಗವನ್ನು ಹೀಗೆ ಮಾಡಬೇಕು ಅಂತ ಆಸೆ. ನಮ್ಮವರು ಆಗಲೇ ನಾಲ್ಕು ಚೀಲ ಕಾಂಪೋಸ್ಟ್ ತಂದಿಟ್ಟಿದ್ದಾರೆ. ಹಾಕಬಹುದಾ? ಮಾಡಿ ನೋಡಿದವರು ಹೇಳಿ.

ಕಲ್ಲುಗೋಡೆ (ರಿಚ್ಮಂಡ್, ಯಾರ್ಕ್‌ಷೈರ್)
ಮೇ 31, ರಾತ್ರಿ 10:25

ಅಕ್ಕಾ, ದಯವಿಟ್ಟು ಕಾಂಪೋಸ್ಟ್ ಹಾಕಬೇಡಿ. ವಾಪಸ್ ಕೊಡಿ, ಇಲ್ಲ ಟೊಮೆಟೊ ಗಿಡಕ್ಕೆ ಹಾಕಿ.

ನಾನು ರಜೆ ದಿನಗಳಲ್ಲಿ ಈ ಗದ್ದೆಗಳ ಕೆಲಸಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆ. ನೀವು ಬ್ಯಾಣ ಅಂದಿದ್ದು ತುಂಬಾ ಸರಿಯಾದ ಮಾತು. ಇದು ಹೂದೋಟ ಅಲ್ಲ, ರೈತರ ಮೇವಿನ ಬೆಳೆ. ವರ್ಷದ ಲೆಕ್ಕ ಹೀಗಿದೆ. ವಸಂತದಲ್ಲಿ ಕುರಿ, ಮರಿಗಳು ಇಲ್ಲೇ ಮೇಯುತ್ತವೆ. ಮೇ ಮಧ್ಯದ ಹೊತ್ತಿಗೆ ಅವನ್ನು ಗುಡ್ಡಕ್ಕೆ ಹೊಡೆದು ಗೇಟು ಹಾಕುತ್ತಾರೆ. ಅಲ್ಲಿಂದ ಹುಲ್ಲು, ಹೂ ಒಟ್ಟಿಗೆ ಮೇಲೇಳುತ್ತವೆ. ಸಾಮಾನ್ಯವಾಗಿ ಜುಲೈ ಮಧ್ಯ ಕಳೆದ ಮೇಲೆ, ಬಿಸಿಲು ನೋಡಿ ಕೊಯ್ಲು. ಅಷ್ಟರಲ್ಲಿ ಹೆಚ್ಚಿನ ಹೂಗಳು ಬೀಜ ಉದುರಿಸಿರುತ್ತವೆ. ಹುಲ್ಲು ಒಣಗಿಸಿ ಒಳಗೆ ತೆಗೆದುಕೊಂಡು ಹೋದ ಮೇಲೆ ಮತ್ತೆ ದನ, ಕುರಿ ಬಿಡುತ್ತಾರೆ. ಅವು ಓಡಾಡಿ ಗೊರಸಿನಲ್ಲಿ ಬೀಜವನ್ನು ಮಣ್ಣಿಗೆ ತುಳಿಯುತ್ತವೆ.

ಗದ್ದೆಗಳ ನಡುವೆ ಕಲ್ಲಿನ ಕೊಟ್ಟಿಗೆಗಳನ್ನು ನೋಡಿರಬೇಕಲ್ವಾ? ಹಿಂದೆ ಅಲ್ಲೇ ಅಟ್ಟದ ಮೇಲೆ ಹುಲ್ಲು, ಕೆಳಗೆ ದನ. ಚಳಿಗಾಲ ಪೂರ್ತಿ ಆ ಹುಲ್ಲು ತಿಂದು, ಆ ಗೊಬ್ಬರ ಅದೇ ಗದ್ದೆಗೆ ಹೋಗುತ್ತಿತ್ತು. ಹಾಗಾಗಿ ಗೊಬ್ಬರ ಪೂರ್ತಿ ನಿಷಿದ್ಧ ಅಂತಲ್ಲ. ಗದ್ದೆಯಿಂದ ಹೋದದ್ದರಲ್ಲಿ ಸ್ವಲ್ಪ ವಾಪಸ್ ಬರುತ್ತಿತ್ತು, ಅಷ್ಟೇ. ಚೀಲದ ಗೊಬ್ಬರ ಬಂದ ಮೇಲೆ ಈ ಲೆಕ್ಕ ತಪ್ಪಿತು.

ಇನ್ನೊಂದು ಮಾತು. ಜೂನ್ ಎರಡನೇ ವಾರ ಮತ್ತೆ ಹೋಗಿ. ನೇರಳೆ ಬಣ್ಣ ಆಗ ತುಂಬಿರುತ್ತದೆ. ತೇವದ ಮೂಲೆಗಳಲ್ಲಿ ಗ್ಲೋಬ್‌ಫ್ಲವರ್ ಹುಡುಕಿ, ಹಳದಿ ಚೆಂಡಿನ ಹಾಗಿರುತ್ತದೆ. ಮೆಲಂಕಲಿ ಥಿಸಲ್ ಇನ್ನೂ ತಡ. ಥಿಸಲ್ ಆದರೂ ಅದಕ್ಕೆ ಮುಳ್ಳಿಲ್ಲ.

ಧಾರವಾಡದ ಕೃಷಿಕ
ಜೂನ್ 1, ಬೆಳಿಗ್ಗೆ 6:50

ಗೊಬ್ಬರದ ವಿಷಯಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ನಾನು ಕೃಷಿ ಓದಿದವನು, ಈಗ ನಿವೃತ್ತ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾರ್ಕ್ ಗ್ರಾಸ್ ಅನ್ನುವ ಒಂದು ಪ್ರಯೋಗ ಇದೆ. ಲಾಸ್ ಮತ್ತು ಗಿಲ್ಬರ್ಟ್ ಅನ್ನುವ ವಿಜ್ಞಾನಿಗಳು 1856ರಲ್ಲಿ ಶುರು ಮಾಡಿದ್ದು. ಇವತ್ತಿಗೂ ನಡೆಯುತ್ತಿದೆ. ಒಂದೇ ಹುಲ್ಲುಗಾವಲನ್ನು ತುಂಡು ತುಂಡು ಮಾಡಿ, ಒಂದಕ್ಕೆ ಸಾರಜನಕ, ಒಂದಕ್ಕೆ ರಂಜಕ, ಇನ್ನೊಂದಕ್ಕೆ ಸುಣ್ಣ, ಹೀಗೆ ಹಾಕುತ್ತಾ ಬಂದರು. ಕೆಲವು ತುಂಡಿಗೆ ಏನೂ ಹಾಕಲಿಲ್ಲ. ಅವರಿಗೆ ಬೇಕಾಗಿದ್ದು ಹುಲ್ಲಿನ ಇಳುವರಿ ಹೆಚ್ಚಿಸುವ ದಾರಿ. ಇಳುವರಿ ಹೆಚ್ಚಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ಊರಿನ ಹೊಲದ ಹಾಗೆ ಕಾಣತೊಡಗಿದವು. ಏನೂ ಹಾಕದ ತುಂಡಿನಲ್ಲಿ ಇವತ್ತಿಗೂ 30ಕ್ಕೂ ಹೆಚ್ಚು ಜಾತಿಯ ಗಿಡಗಳಿವೆ. ಅಮೋನಿಯಂ ಸಲ್ಫೇಟ್ ಜಾಸ್ತಿ ಬಿದ್ದು, ಸುಣ್ಣ ಸಿಗದ ತುಂಡುಗಳಲ್ಲಿ ಉಳಿದದ್ದು ಬೆರಳೆಣಿಕೆಯ ಜಾತಿ. ಅವೂ ಹೆಚ್ಚಿನಂಶ ಹುಲ್ಲೇ.

ಕಾರಣ ಸರಳ. ಗೊಬ್ಬರ ಸಿಕ್ಕರೆ ಹುಲ್ಲು ಎಲ್ಲರಿಗಿಂತ ಮೊದಲು ಎತ್ತರ ಬೆಳೆಯುತ್ತದೆ. ಕೆಳಗಿರುವ ಹೂಗಿಡಕ್ಕೆ ಬಿಸಿಲು ಸಿಗುವುದಿಲ್ಲ. ಬಡ ಮಣ್ಣಿನಲ್ಲಿ ಹುಲ್ಲಿಗೂ ಜೋರು ಮಾಡಲು ಆಗದು. ಎಲ್ಲರಿಗೂ ಜಾಗ ಸಿಗುತ್ತದೆ.

ಮೂವತ್ತು ವರ್ಷ ನಾನು ರೈತರಿಗೆ ಗೊಬ್ಬರ ಹಾಕಿ ಅಂತ ಹೇಳುತ್ತಾ ಬಂದವನು. ಜೋಳಕ್ಕೆ, ಹತ್ತಿಗೆ ಅದು ಸರಿಯೇ. ಹೂವಿನ ಹುಲ್ಲುಗಾವಲಿಗೆ ಮಾತ್ರ ಅದು ತಿರುಗುಮುರುಗು.

ಹಾಸನದ ಸೊಸೆ (ಮ್ಯಾಂಚೆಸ್ಟರ್)
ಜೂನ್ 1, ಬೆಳಿಗ್ಗೆ 9:15

ಫೋಟೋ ನೋಡಿ ನಮ್ಮ ಅತ್ತೆಗೆ ಖುಷಿಯೋ ಖುಷಿ. ಊರಿಂದ ಬಂದು ಒಂದು ತಿಂಗಳಾಯಿತು. ದೇವರಿಗೆ ಹೂ ಸಿಗುತ್ತಿಲ್ಲ ಅಂತ ದಿನಾ ಬೇಜಾರು. ಅಂಗಡಿಯ ಗುಲಾಬಿಗೆ ವಾಸನೆಯೇ ಇಲ್ಲ ಅಂತಾರೆ. ಅಲ್ಲಿ ಅಷ್ಟೊಂದು ಹೂ ಇದೆಯಲ್ಲ, ಒಂದು ಬೊಗಸೆ ಕಿತ್ತುಕೊಂಡು ಬರಬಹುದಾ ಅಂತ ಕೇಳಿದರು. ಕಾನೂನು ಏನು ಹೇಳುತ್ತದೆ?

ಕಲ್ಲುಗೋಡೆ (ರಿಚ್ಮಂಡ್, ಯಾರ್ಕ್‌ಷೈರ್)
ಜೂನ್ 1, ಬೆಳಿಗ್ಗೆ 11:00

ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರು ಸಮೇತ ಕೀಳುವಂತಿಲ್ಲ. 1981ರ ವನ್ಯಜೀವಿ ಕಾಯ್ದೆಯಲ್ಲೇ ಅದು ಇದೆ. ಅಪರೂಪದ ಕೆಲವು ಗಿಡಗಳ ಹೂ ಕೀಳುವುದೂ ಅಪರಾಧ. ಮ್ಯೂಕರ್ ಗದ್ದೆಗಳು ಸಂರಕ್ಷಿತ ಜಾಗ, ಅಲ್ಲಿ ಒಂದೂ ಕೀಳಬೇಡಿ.

ಕಾನೂನು ಪಕ್ಕಕ್ಕಿಡೋಣ. ಹೂವಿಗೆ ಕೈ ಚಾಚಬೇಕಾದರೆ ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಕು. ತುಳಿದ ಹುಲ್ಲು ಮಲಗಿಬಿಡುತ್ತದೆ, ಯಂತ್ರಕ್ಕೆ ಸಿಗುವುದಿಲ್ಲ. ಭತ್ತ ಹೊಡೆ ಬಿಟ್ಟಾಗ ನಮ್ಮ ಗದ್ದೆಗೆ ಯಾರಾದರೂ ಫೋಟೋ ತೆಗೆಯಲು ಇಳಿದರೆ ಹೇಗಿರುತ್ತದೆ? ಇದೂ ಹಾಗೇ. ಒಂದು ಗದ್ದೆಯಲ್ಲಿ ಪ್ರವಾಸಿಗಳು ಸುತ್ತು ಕೂತು ಊಟ ಮಾಡಿದ ಗುರುತನ್ನು ಕಣ್ಣಾರೆ ನೋಡಿದ್ದೇನೆ. ನೋಡಿ ತುಂಬಾ ಸಂಕಟವಾಯಿತು.

ಹಾಸನದ ಸೊಸೆ (ಮ್ಯಾಂಚೆಸ್ಟರ್)
ಜೂನ್ 1, ಮಧ್ಯಾಹ್ನ 1:30

ಅತ್ತೆಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಅಂದರು: "ದನದ ಬಾಯಿಂದ ಕಿತ್ತು ದೇವರಿಗೆ ಇಡೋದಾ? ಬೇಡಮ್ಮ." ನಮ್ಮ ಹಿತ್ತಿಲಲ್ಲೇ ಏನಾದರೂ ಹಾಕು ಅಂತ ಈಗ ನನ್ನ ಹಿಂದೆ ಬಿದ್ದಿದ್ದಾರೆ.

ಥೇಮ್ಸ್ ದಂಡೆ (ಸ್ವಿಂಡನ್)
ಜೂನ್ 1, ಸಂಜೆ 7:20

ನಮ್ಮ ಕಡೆಯದನ್ನೂ ಹೇಳಬೇಕು. ಇಲ್ಲಿ ಹತ್ತಿರದ ಕ್ರಿಕ್ಲೇಡ್‌ನಲ್ಲಿ ನಾರ್ತ್ ಮೆಡೋ ಅಂತ ಒಂದು ದೊಡ್ಡ ಹುಲ್ಲುಗಾವಲಿದೆ. ಥೇಮ್ಸ್ ಮತ್ತು ಚರ್ನ್ ನದಿಗಳ ನಡುವೆ. ಚಳಿಗಾಲದಲ್ಲಿ ನೆರೆ ನೀರು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಫ್ರಿಟಿಲರಿ ಅರಳುತ್ತದೆ. ತಲೆ ತಗ್ಗಿಸಿದ ಗಂಟೆಯ ಹಾಗಿರುವ ಹೂ. ಮೈಮೇಲೆ ಚೌಕಳಿ ಸೀರೆಯ ಹಾಗೆ ನೇರಳೆ ಚೌಕಗಳು. ಬ್ರಿಟನ್ನಿನಲ್ಲಿ ಕಾಡಿನಲ್ಲಿ ಉಳಿದಿರುವ ಈ ಹೂವಿನಲ್ಲಿ ಸುಮಾರು 80 ಶೇಕಡಾ ಈ ಒಂದೇ ಜಾಗದಲ್ಲಿದೆ ಅನ್ನುತ್ತಾರೆ.

ಅದು ಹೇಗೆ ಉಳಿಯಿತು ಅನ್ನೋದು ನನಗೆ ಇನ್ನೂ ಜಾಸ್ತಿ ಇಷ್ಟ. ಆ ಹುಲ್ಲುಗಾವಲು ಊರಿನವರ ಹಕ್ಕಿನ ಜಾಗ. ಬೇಸಿಗೆಯಲ್ಲಿ ಹುಲ್ಲು ಕೊಯ್ಯುವ ಹಕ್ಕಿದ್ದವರು ಕೊಯ್ಯಬೇಕು. ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ಊರಿನವರ ದನಕರು ಮೇಯಬಹುದು. ನೂರಾರು ವರ್ಷಗಳ ಪದ್ಧತಿ. ಒಬ್ಬರ ಆಸ್ತಿ ಅಲ್ಲದ್ದರಿಂದ ಯಾರೂ ಉಳಲು ಆಗಲಿಲ್ಲ. ಉಳದಿದ್ದಕ್ಕೇ ಹೂ ಉಳಿಯಿತು.

ಈಗ ಮೇ ಕೊನೆಯಲ್ಲಿ ಹೋದರೆ ಫ್ರಿಟಿಲರಿ ಮುಗಿದಿರುತ್ತದೆ. ಬಟರ್‌ಕಪ್, ಆಕ್ಸ್‌ಐ ಡೇಸಿ, ಗ್ರೇಟ್ ಬರ್ನೆಟ್ ಎಲ್ಲ ಏಳುವ ಹೊತ್ತು. ಈ ಕಾಲದಲ್ಲಿ ಬರುವವರು ಕಡಿಮೆ. ಬೆಳಿಗ್ಗೆ ಬೇಗ ಹೋದರೆ ಬಾನಾಡಿಯ ಹಾಡು ಬಿಟ್ಟು ಬೇರೆ ಸದ್ದಿಲ್ಲ.

ಮಲ್ಲೇಶ್ವರ ಟು ರೀಡಿಂಗ್
ಜೂನ್ 2, ಮಧ್ಯಾಹ್ನ 12:40

ಎಲ್ಲ ಓದಿದೆ. ನನ್ನ ಅನುಭವ ಬೇರೆ. ನೀವು ಹೇಳಿದ ಹಾಗೆ ಗೊಬ್ಬರ ಹಾಕಲಿಲ್ಲ. "ವೈಲ್ಡ್‌ಫ್ಲವರ್ ಮೆಡೋ" ಅಂತ ಬರೆದ ಬೀಜದ ಪೊಟ್ಟಣ ತಂದು ಮಣ್ಣು ಕೆದಕಿ ಹಾಕಿದೆ. ಮೊದಲನೇ ವರ್ಷ ಗಸಗಸೆ ಹೂ, ನೀಲಿ ಕಾರ್ನ್‌ಫ್ಲವರ್ ತುಂಬಿಕೊಂಡವು. ಅಕ್ಕಪಕ್ಕದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಎರಡನೇ ವರ್ಷ ನಾಲ್ಕೋ ಐದೋ. ಮೂರನೇ ವರ್ಷ ಬರೀ ಹುಲ್ಲು ಮತ್ತು ನೆಟಲ್ ಅನ್ನುವ ತುರಿಕೆ ಗಿಡ. ಪ್ರಕೃತಿ ತಾನೇ ನೋಡಿಕೊಳ್ಳುತ್ತೆ ಅಂತ ಆಮೇಲೆ ಎರಡು ವರ್ಷ ಪೂರ್ತಿ ಕೈ ಬಿಟ್ಟೆ. ಈಗ ಮುಳ್ಳಿನ ಬ್ರ್ಯಾಂಬಲ್ ಬಳ್ಳಿ ನುಗ್ಗಿದೆ. ನನಗೆ ನಿಜವಾಗಲೂ ಬೇಸರವಾಗಿದೆ. ಎಲ್ಲಿ ತಪ್ಪಿತು?

ಕಲ್ಲುಗೋಡೆ (ರಿಚ್ಮಂಡ್, ಯಾರ್ಕ್‌ಷೈರ್)
ಜೂನ್ 2, ಸಂಜೆ 6:05

ಸರ್, ನಿಮ್ಮ ತಪ್ಪಲ್ಲ. ಪೊಟ್ಟಣದ ಹೆಸರೇ ತಪ್ಪು. ಗಸಗಸೆ ಹೂ, ಕಾರ್ನ್‌ಫ್ಲವರ್, ಕಾರ್ನ್ ಮ್ಯಾರಿಗೋಲ್ಡ್ ಹುಲ್ಲುಗಾವಲಿನ ಹೂಗಳೇ ಅಲ್ಲ. ಅವು ಗೋಧಿ ಹೊಲದ ಕಳೆಗಳು. ಒಂದೇ ವರ್ಷ ಬದುಕುತ್ತವೆ. ಪ್ರತಿ ವರ್ಷ ಮಣ್ಣು ಉತ್ತು ತಿರುಗಿಸಿದರೆ ಮಾತ್ರ ಮತ್ತೆ ಹುಟ್ಟುತ್ತವೆ. ಹುಲ್ಲುಗಾವಲಿನ ಹೂಗಳು ಬಹುತೇಕ ಬಹುವಾರ್ಷಿಕ. ಅವಕ್ಕೆ ಉಳುಮೆ ಆಗದು. ಮೊದಲ ವರ್ಷ ಎಲೆ ಮಾತ್ರ ತೋರಿಸಿ, ಎರಡನೇ ಮೂರನೇ ವರ್ಷ ಹೂ ಬಿಡುತ್ತವೆ. ತಾಳ್ಮೆ ಬೇಕು.

ಎರಡನೆಯದು, ಬ್ಯಾಣವನ್ನು ಸುಮ್ನೆ ಬಿಟ್ಟರೆ ಬ್ಯಾಣ ಉಳಿಯುವುದಿಲ್ಲ. ಇಲ್ಲಿ ಬಿಟ್ಟರೆ ಮೊದಲು ಒರಟು ಹುಲ್ಲು, ಆಮೇಲೆ ಬ್ರ್ಯಾಂಬಲ್, ಆಮೇಲೆ ಹಾಥಾರ್ನ್, ಕೊನೆಗೆ ಕಾಡು. ಕಾಡು ಕೆಟ್ಟದ್ದಲ್ಲ. ಆದರೆ ಅದು ಬೇರೆಯೇ. ವರ್ಷಕ್ಕೊಮ್ಮೆ ಕೊಯ್ಯಲೇಬೇಕು. ಕೊಯ್ದದ್ದನ್ನು ಅಲ್ಲೇ ಬಿಡದೆ ಎತ್ತಲೇಬೇಕು. ಬಿಟ್ಟರೆ ಅದೇ ಕೊಳೆತು ಗೊಬ್ಬರ. ಮತ್ತೆ ಹುಲ್ಲಿಗೆ ಊಟ.

ಇನ್ನು ಮುಖ್ಯವಾದ ಗಿಡ ಒಂದಿದೆ, ಯೆಲ್ಲೊ ರ್‍ಯಾಟಲ್. ಅದನ್ನು ಹಾಕದೆ ಲಾನ್ ಹುಲ್ಲುಗಾವಲಾಗುವುದು ಕಷ್ಟ. ಅಡ್ಡಡ್ಡ ಹಲ್ಲಿರುವ ಎಲೆ, ಕೊಕ್ಕಿನ ಹಾಗಿರುವ ಸಣ್ಣ ಹಳದಿ ಹೂ. ತನಗೆ ಎಲೆ ಇದ್ದರೂ, ಮಣ್ಣಿನ ಕೆಳಗೆ ಪಕ್ಕದ ಹುಲ್ಲಿನ ಬೇರಿಗೆ ಅಂಟಿ ನೀರು, ಸಾರ ಹೀರುತ್ತದೆ. ಹುಲ್ಲು ಸೊರಗುತ್ತದೆ. ಸೊರಗಿದ ಜಾಗದಲ್ಲಿ ಬೇರೆ ಹೂಗಿಡಕ್ಕೆ ಉಸಿರಾಡಲು ಸಂದು ಸಿಗುತ್ತದೆ. ಬೀಜ ಮಾಗಿದಾಗ ಕಾಯಿ ಒಣಗಿ ಗಿಲಕಿಯ ಹಾಗೆ ಗಲಗಲ ಅನ್ನುತ್ತದೆ. ಆ ಸದ್ದು ಬಂತೆಂದರೆ ಹುಲ್ಲು ಕೊಯ್ಲಿಗೆ ಬಂತು ಅಂತ ಇಲ್ಲಿನ ಹಳಬರ ಲೆಕ್ಕ.

ಧಾರವಾಡದ ಕೃಷಿಕ
ಜೂನ್ 2, ರಾತ್ರಿ 8:30

ಇದು ನಮ್ಮ ಬಂದಳಿಕೆಯ ಕೆಲಸವೇ. ಅದು ಮಾವಿನ ಕೊಂಬೆಗೆ ಅಂಟುತ್ತದೆ, ಇದು ಹುಲ್ಲಿನ ಬೇರಿಗೆ. ಎರಡಕ್ಕೂ ಹಸಿರು ಎಲೆ ಇದೆ, ಎರಡೂ ಅರ್ಧ ಪರಾವಲಂಬಿ.

ಇನ್ನೂ ಹತ್ತಿರದ ನೆಂಟ ನಮ್ಮ ಜೋಳದ ಹೊಲದಲ್ಲಿದೆ. ಸ್ಟ್ರೈಗಾ ಕಳೆ. ಯೆಲ್ಲೊ ರ್‍ಯಾಟಲ್ ಮತ್ತು ಸ್ಟ್ರೈಗಾ ಒಂದೇ ಸಸ್ಯ ಕುಟುಂಬ. ಜೋಳದ ಬೇರಿಗೆ ಅಂಟಿ ಪೈರನ್ನು ಒಣಗಿಸುತ್ತದೆ. ಅದನ್ನು ನಿವಾರಿಸಲು ನಾವು ಪಟ್ಟ ಪಾಡು ಒಂದೆರಡಲ್ಲ. ಅದೇ ಕುಟುಂಬದ ಗಿಡವನ್ನು ಜನ ಹುಡುಕಿ ಬಿತ್ತುತ್ತಾರೆ ಅಂತ ಇವತ್ತು ತಿಳಿದು ತುಂಬ ಹೊತ್ತು ಯೋಚಿಸಿದೆ. ಹುಲ್ಲಿನ ಸೊಕ್ಕು ಮುರಿಯಬೇಕಾದ ಕಡೆ ಅದಕ್ಕೆ ಕೆಲಸ ಇದೆ.

ಬ್ಯಾಣದಮನೆ (ಲೀಡ್ಸ್)
ಜೂನ್ 2, ರಾತ್ರಿ 10:10

ಕಾಂಪೋಸ್ಟ್ ಚೀಲ ವಾಪಸ್ ಕೊಟ್ಟೆವು! ರ್‍ಯಾಟಲ್ ಬೀಜ ಈಗಲೇ ಹಾಕಬಹುದಾ?

ಕಲ್ಲುಗೋಡೆ (ರಿಚ್ಮಂಡ್, ಯಾರ್ಕ್‌ಷೈರ್)
ಜೂನ್ 2, ರಾತ್ರಿ 10:45

ಈಗ ಬೇಡ. ಶರತ್ಕಾಲದಲ್ಲಿ ಹಾಕಿ. ಅದಕ್ಕೆ ಒಂದು ಚಳಿಗಾಲದ ಚಳಿ ತಾಗಲೇಬೇಕು, ಇಲ್ಲದಿದ್ದರೆ ಮೊಳೆಯುವುದಿಲ್ಲ. ಹಳೆಯ ಬೀಜವೂ ಬೇಡ, ಅದೇ ವರ್ಷ ಕೊಯ್ದ ಬೀಜವೇ ಬೇಕು. ಮೊದಲು ಹುಲ್ಲನ್ನು ಆದಷ್ಟು ಗಿಡ್ಡ ಕತ್ತರಿಸಿ. ಕುಂಟೆ ಎಳೆದ ಹಾಗೆ ಕೆದಕಿ ಅರ್ಧದಷ್ಟು ಮಣ್ಣು ಕಾಣಿಸುವ ಹಾಗೆ ಮಾಡಿ. ಬೀಜ ಮಣ್ಣಿನ ಮೇಲೆ ಚೆಲ್ಲಿ, ಮೇಲೆ ನಡೆದಾಡಿ ಒತ್ತಿ. ಮುಚ್ಚಬೇಡಿ. ದನದ ಗೊರಸಿನ ಕೆಲಸ ನಿಮ್ಮ ಕಾಲು ಮಾಡಬೇಕು. ಅದು ವರ್ಷಾಯುಷಿ ಗಿಡ, ಹಾಗಾಗಿ ಬೀಜ ಉದುರುವ ಮೊದಲು ಯಾವ ವರ್ಷವೂ ಕೊಯ್ಯಬೇಡಿ.

ಅಲರ್ಜಿ ಅನುಭವಿ (ಬರ್ಮಿಂಗ್‌ಹ್ಯಾಮ್)
ಜೂನ್ 3, ಬೆಳಿಗ್ಗೆ 8:00

ಹೊಸದಾಗಿ ಬಂದವರಿಗೆ ಒಂದು ಮಾತು. ಮೇ ಮಧ್ಯದಿಂದ ಜುಲೈವರೆಗೆ ಹುಲ್ಲಿನ ಪರಾಗದ ಕಾಲ. ಊರಲ್ಲಿ ಯಾವ ತೊಂದರೆ ಇಲ್ಲದಿದ್ದ ನನಗೆ ಇಲ್ಲಿಗೆ ಬಂದ ಮೂರನೇ ವರ್ಷ ಹೇ ಫೀವರ್ ಶುರುವಾಯಿತು. ನೆಗಡಿ ಅಂದುಕೊಂಡು ಒಂದು ತಿಂಗಳು ಕಳೆದೆ. ಕಣ್ಣು ತುರಿಸಿ ಸೀನು ನಿಲ್ಲದಿದ್ದರೆ ಔಷಧಿ ಅಂಗಡಿಯಲ್ಲಿ ಕೇಳಿ. ಮನೆಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಎತ್ತರದ ಹುಲ್ಲಿನಲ್ಲಿ ಓಡಾಡಿದರೆ ಕಾಲು ನೋಡಿಕೊಳ್ಳಿ, ಟಿಕ್ ಅನ್ನುವ ಉಣ್ಣಿ ಹುಳ ಕಚ್ಚಿರಬಹುದು. ನಾನು ಮಳೆ ಬಂದು ನಿಂತ ಮೇಲೆ ಹೋಗುತ್ತೇನೆ. ಹೂ ನೋಡೋದು ಬಿಟ್ಟಿಲ್ಲ.

ಕೆಂಪುಕಲ್ಲಿನ ಪದವು (ಮೂಡುಬಿದಿರೆ)
ಜೂನ್ 3, ಸಂಜೆ 5:30

ಬಡ ಮಣ್ಣಿನ ಮಾತು ಓದಿ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳೂ (ಎತ್ತರದ ಬಯಲುಗಳು) ಹೀಗೆಯೇ. ಬೇಸಿಗೆಯಲ್ಲಿ ಬರಿಗಾಲಿಡಲು ಆಗದಷ್ಟು ಸುಡುವ ಕಲ್ಲು. ಅದರ ಮೇಲೆ ಬೆರಳು ದಪ್ಪದ ಮಣ್ಣು. ಮಳೆ ಕಚ್ಚಿಕೊಂಡ ಮೇಲೆ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಅಲ್ಲಿ ನೀಲಿ ನೆಲಹಾಸು. ಯುಟ್ರಿಕ್ಯುಲೇರಿಯಾ ಅನ್ನುವ ಗಿಡ, ಸೀತಾಶ್ರು ಅಂತಲೂ ಕರೆಯುತ್ತಾರೆ. ಆ ಮಣ್ಣಿನಲ್ಲಿ ಸಾರಜನಕವೇ ಇಲ್ಲದಷ್ಟು ಕಡಿಮೆ. ಅದಕ್ಕೇ ಆ ಗಿಡ ನೀರಿನಲ್ಲಿ ಸಣ್ಣ ಚೀಲಗಳನ್ನು ಇಟ್ಟು ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಜೊತೆಗೆ ಬಿಳಿ ಗುಂಡಿಯ ಹಾಗಿರುವ ಎರಿಯೊಕಾಲಾನ್.

ನಿಮ್ಮಲ್ಲಿ ಹೂವಿಗೆ ಚಳಿ ಮುಗಿಯಬೇಕು, ನಮ್ಮಲ್ಲಿ ಮಳೆ ಬರಬೇಕು. ನಮ್ಮ ವಸಂತದಲ್ಲಿ ಪದವು ಒಣಗಿ ಬೂದು ಬಣ್ಣ. ಆದರೂ ಮೇ ತಿಂಗಳ ಮೊದಲ ಮಳೆಗೆ ತೋಟದ ಅಂಚಿನಲ್ಲಿ ನೆಲಸಂಪಿಗೆ ಏಳುತ್ತದೆ. ಎಲೆ ಇಲ್ಲದೆ, ನೇರ ನೆಲದಿಂದಲೇ ಹೂ. ಮೊದಲ ಮಳೆಯ ಮಾರನೇ ದಿನ ನಾನು ಅದನ್ನೇ ಹುಡುಕಿಕೊಂಡು ಹೋಗುತ್ತೇನೆ.

ಸಂಕಟದ ಮಾತೆಂದರೆ, ಪದವನ್ನು ಎಲ್ಲರೂ ಬಂಜರು ಅನ್ನುತ್ತಾರೆ. ಬಂಜರು ಅಂತ ಬರೆದ ಕೂಡಲೇ ಅಲ್ಲಿ ಕಲ್ಲು ಕೊರೆಯಬಹುದು, ಕಟ್ಟಡ ಕಟ್ಟಬಹುದು.

ಸಾಗರದ ಮಲೆಮನೆ
ಜೂನ್ 4, ಬೆಳಿಗ್ಗೆ 7:10

ಬ್ಯಾಣದಮನೆ ಅಕ್ಕ, ನಿಮ್ಮ ಬ್ಯಾಣ ಈಗ ಹೇಗಿದೆ ಅಂತ ನೋಡಿದ್ದೀರಾ? ನಾನು ಊರಲ್ಲೇ ಇದ್ದೇನೆ, ಅದಕ್ಕೆ ಕೇಳಿದೆ. ನಮ್ಮ ಸುತ್ತಮುತ್ತ ಎಷ್ಟೋ ಹುಲ್ಲಿನ ಗುಡ್ಡ ಈಗ ಅಕೇಶಿಯಾ. ಅದರ ಕೆಳಗೆ ಒಣಗಿದ ಎಲೆ ಬಿಟ್ಟು ಇನ್ನೇನೂ ಕಾಣದು. ನೆಡದೆ ಉಳಿದ ಕಡೆ ಲಂಟಾನ ಮತ್ತು ಯುಪಟೋರಿಯಂ.

ಯಾರನ್ನೂ ದೂರುವ ಮನಸ್ಸಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹಿಂದೆ ಹನ್ನೆರಡು ದನ ಇದ್ದವು. ಈಗ ಎರಡು. ಕರಡ ಕೊಯ್ಯಲು ಆಳು ಸಿಗುವುದಿಲ್ಲ. ಹಂಚು ಬಂದ ಮೇಲೆ ಹುಲ್ಲಿನ ಮಾಡೂ ಇಲ್ಲ. ಕೊಯ್ಯಲು ಕಾರಣ ಇಲ್ಲದ ಮೇಲೆ ಬ್ಯಾಣ ಏಕೆ ಉಳಿದೀತು? ಅಪ್ಪ ಹುಲ್ಲುಗತ್ತಿ ಮಸೆಯುವ ಸದ್ದಿಗೆ ನಾವು ಏಳುತ್ತಿದ್ದೆವು. ಆ ಗೊಣಬೆಯ ವಾಸನೆ ನನ್ನ ಮಕ್ಕಳಿಗೆ ಗೊತ್ತಿಲ್ಲ.

ಆದರೂ ಒಂದೂವರೆ ಎಕರೆ ಉಳಿಸಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ಕೊಯ್ಯಿಸುತ್ತೇನೆ. ಕರಡವನ್ನು ಅಡಿಕೆ ತೋಟದ ಬುಡಕ್ಕೆ ಹಾಕುತ್ತೇನೆ. ಲಾಭದ ಲೆಕ್ಕ ನೋಡಿದರೆ ಆಗುವುದಿಲ್ಲ.

ಬ್ಯಾಣದಮನೆ (ಲೀಡ್ಸ್)
ಜೂನ್ 4, ಸಂಜೆ 8:45

ಅಣ್ಣಾ, ನಿಮ್ಮ ಬರಹ ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಬ್ಯಾಣವೂ ಹೋಯಿತು. ಅರ್ಧ ಅಡಿಕೆ ತೋಟ, ಉಳಿದದ್ದು ಲಂಟಾನ. ದೊಡ್ಡಪ್ಪನಿಗೆ ಬೇರೆ ದಾರಿ ಇರಲಿಲ್ಲ ಅಂತ ಗೊತ್ತು. ನಿಮ್ಮ ಒಂದೂವರೆ ಎಕರೆಯ ಫೋಟೋ ಸೆಪ್ಟೆಂಬರ್‌ನಲ್ಲಿ ಹಾಕುತ್ತೀರಾ? ಕೇಳಿಕೊಳ್ಳುತ್ತಿದ್ದೇನೆ.

ಕಲ್ಲುಗೋಡೆ (ರಿಚ್ಮಂಡ್, ಯಾರ್ಕ್‌ಷೈರ್)
ಜೂನ್ 5, ಬೆಳಿಗ್ಗೆ 7:30

ಸಾಗರದವರ ಮಾತು ಇಲ್ಲಿಗೂ ಅಕ್ಷರಶಃ ಒಪ್ಪುತ್ತದೆ. 1930ರ ದಶಕದಿಂದ ಐವತ್ತು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗು ಪ್ರದೇಶದ ಹೂವಿನ ಹುಲ್ಲುಗಾವಲುಗಳಲ್ಲಿ 97 ಶೇಕಡಾ ಹೋದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಊಟಕ್ಕೆ ಬೇಕೆಂದು ಉತ್ತರು. ಆಮೇಲೆ ಚೀಲದ ಗೊಬ್ಬರ ಬಂತು. ಆಮೇಲೆ ಸೈಲೇಜ್. ಒಣಹುಲ್ಲಿಗೆ ನಾಲ್ಕು ದಿನ ಬಿಸಿಲು ಬೇಕು. ಸೈಲೇಜ್‌ಗೆ ಬೇಡ, ಹಸಿಯಾಗಿಯೇ ಕೊಯ್ದು ಗಾಳಿಯಾಡದ ಹಾಗೆ ಮುಚ್ಚಿ ಹುಳಿ ಬರಿಸಿದರಾಯಿತು. ಮಳೆಯ ದೇಶದ ರೈತರಿಗೆ ಅದು ದೊಡ್ಡ ನೆಮ್ಮದಿ. ಆದರೆ ಅದನ್ನು ಮೇ ತಿಂಗಳಲ್ಲೇ ಕೊಯ್ಯುತ್ತಾರೆ, ವರ್ಷಕ್ಕೆ ಎರಡು ಮೂರು ಸಲ. ಹೂವಿಗೆ ಬೀಜ ಕಟ್ಟಲು ಸಮಯವೇ ಇಲ್ಲ. ಮ್ಯೂಕರ್‌ನಂಥ ಗುಡ್ಡನಾಡಿನ ಹುಲ್ಲುಗಾವಲು ಈಗ ಎಲ್ಲ ಸೇರಿ ಸಾವಿರ ಹೆಕ್ಟೇರಿನ ಆಸುಪಾಸು.

ವಾಪಸ್ ತರುವ ಕೆಲಸವೂ ನಡೆದಿದೆ. ಒಳ್ಳೆಯ ಗದ್ದೆಯಿಂದ ಬೀಜ ತುಂಬಿದ ಹಸಿ ಹುಲ್ಲನ್ನು ಕೊಯ್ದು, ಅದೇ ದಿನ ಹತ್ತಿರದ ಬಡವಾದ ಗದ್ದೆಗೆ ಒಯ್ದು ಹರಡುತ್ತೇವೆ. 2013ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ 60 ವರ್ಷಕ್ಕೆ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಒಂದೊಂದು ಕೌಂಟಿಗೆ ಒಂದು ಹಳೆಯ ಹುಲ್ಲುಗಾವಲು ಆರಿಸಿ, ಅದರ ಬೀಜದಿಂದ ಹೊಸದು ಮಾಡುವ ಯೋಜನೆ ಶುರು ಮಾಡಿದರು. ಅದೂ ಇದೇ ವಿಧಾನ. ಬೇರೆ ಊರಿನ ಬೀಜ ತರುವುದಿಲ್ಲ. ಪಕ್ಕದ ಗದ್ದೆಯಿಂದ ಹೆಪ್ಪು ತಂದ ಹಾಗೆ.

ಕೇಂಬ್ರಿಡ್ಜ್ ಕನ್ನಡತಿ
ಜೂನ್ 6, ಮಧ್ಯಾಹ್ನ 3:15

ಹೆಪ್ಪಿನ ಮಾತು ಎಷ್ಟು ಚೆನ್ನಾಗಿದೆ! ಸಣ್ಣ ಜಾಗದಲ್ಲಿ ಏನಾದೀತು ಅನ್ನುವವರಿಗೆ ನಮ್ಮ ಊರಿನ ಉದಾಹರಣೆ ಕೊಡುತ್ತೇನೆ. ಕಿಂಗ್ಸ್ ಕಾಲೇಜಿನ ಚಾಪೆಲ್ ಪಕ್ಕದಿಂದ ನದಿಯ ಕಡೆಗೆ ಒಂದು ದೊಡ್ಡ ಲಾನ್ ಇದೆ. 1772ರಿಂದ ಕತ್ತರಿಸುತ್ತಲೇ ಬಂದದ್ದು. ಅದರ ಒಂದು ಭಾಗಕ್ಕೆ 2019ರಲ್ಲಿ ಹೂವಿನ ಬೀಜ ಹಾಕಿದರು. ಕುದುರೆ ಕಟ್ಟಿ ಹುಲ್ಲು ಕೊಯ್ದದ್ದೂ ಉಂಟು. 2023ರಲ್ಲಿ ಬಂದ ಅಧ್ಯಯನದ ಪ್ರಕಾರ, ಪಕ್ಕದ ಲಾನ್‌ಗಿಂತ ಅಲ್ಲಿ ಗಿಡ, ಜೇಡ, ಕೀಟಗಳ ಜಾತಿ ಮೂರು ಪಟ್ಟಿಗೂ ಜಾಸ್ತಿ. ಹುಳುಹುಪ್ಪಟೆಗಳ ಒಟ್ಟು ತೂಕ 25 ಪಟ್ಟು. ರಾತ್ರಿ ಬಾವಲಿಗಳೂ ಹೆಚ್ಚಾಗಿ ಬರುತ್ತವಂತೆ.

ಕ್ಯಾಮೆರಾ ಹಿಡಿದವರೆಲ್ಲ ಚಾಪೆಲ್ ಕಡೆ ತಿರುಗಿ ನಿಲ್ಲುತ್ತಾರೆ. ನಾನು ಬೇಲಿಯ ಹತ್ತಿರ ನಿಂತು ಜೇನು ನೋಡುತ್ತೇನೆ.

ಮಲ್ಲೇಶ್ವರ ಟು ರೀಡಿಂಗ್
ಜೂನ್ 12, ಸಂಜೆ 6:40

ಬ್ರ್ಯಾಂಬಲ್ ಪೂರ್ತಿ ತೆಗೆದೆ. ಕೈ ತುಂಬ ಗೀರು. ಶರತ್ಕಾಲದಲ್ಲಿ ರ್‍ಯಾಟಲ್‌ನಿಂದ ಶುರು ಮಾಡುತ್ತೇನೆ.

ಇನ್ನೊಂದು ನೋವಿನ ವಿಷಯ. ನಮ್ಮ ರಸ್ತೆಯ ಅಂಚಿನಲ್ಲಿ ಹೋದ ವಾರ ಬೀ ಆರ್ಕಿಡ್ ಅರಳಿತ್ತು. ಜೇನು ಕೂತ ಹಾಗೆ ಕಾಣುವ ಹೂ. ಏಳು ಗಿಡ ಎಣಿಸಿದ್ದೆ. ನಿನ್ನೆ ಸ್ಥಳೀಯ ಆಡಳಿತದ ಯಂತ್ರ ಬಂದು ಎಲ್ಲ ಬೋಳಿಸಿ ಹೋಯಿತು. ಬೀಜದಿಂದ ಹೂ ಬಿಡಲು ಅದಕ್ಕೆ ವರ್ಷಗಳೇ ಬೇಕಂತೆ. ಪತ್ರ ಬರೆದಿದ್ದೇನೆ. ಜುಲೈ ಕೊನೆಯವರೆಗೆ ಆ ಇಪ್ಪತ್ತು ಅಡಿ ಬಿಡಿ ಅಂತ ಕೇಳಿದ್ದೇನೆ.

ಥೇಮ್ಸ್ ದಂಡೆ (ಸ್ವಿಂಡನ್)
ಜೂನ್ 12, ರಾತ್ರಿ 9:00

ಗಡ್ಡೆ ಮಣ್ಣಿನ ಕೆಳಗೆ ಉಳಿದಿರುತ್ತದೆ ಸರ್. ಮುಂದಿನ ವರ್ಷ ಬರಬಹುದು. ಜಾಗಕ್ಕೆ ಗುರುತಿನ ಕಡ್ಡಿ ನೆಡಲು ಒಪ್ಪಿಗೆ ಕೇಳಿ. ನಮ್ಮ ಬೀದಿಯಲ್ಲಿ ಹಾಗೆ ಮಾಡಿದ ಮೇಲೆ ಯಂತ್ರದವರು ಸುತ್ತಿಕೊಂಡು ಹೋಗುತ್ತಾರೆ.

ಹಾಸನದ ಸೊಸೆ (ಮ್ಯಾಂಚೆಸ್ಟರ್)
ಜೂನ್ 15, ರಾತ್ರಿ 8:20

ಇವತ್ತು ಅತ್ತೆಯನ್ನು ಮ್ಯೂಕರ್‌ಗೆ ಕರೆದುಕೊಂಡು ಹೋಗಿದ್ದೆ. ನೇರಳೆ ಬಣ್ಣ ತುಂಬಿತ್ತು. ಚಪ್ಪಡಿ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡಲಿಲ್ಲ. ಗಾಳಿಗೆ ಬಾಗಿದ ಹುಲ್ಲನ್ನು ಕೈಯಲ್ಲಿ ಸವರಿ "ಇನ್ನೂ ಎಳೆಯದು" ಅಂದರು. ಗೇಟಿನ ಹತ್ತಿರ ಇದ್ದ ರೈತರಿಗೆ ಕೈ ಮುಗಿದರು. ಅವರೂ ಟೋಪಿ ತೆಗೆದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಕುರಿ ಎಷ್ಟಿವೆ ಅಂತ ನನ್ನ ಹತ್ತಿರ ಕೇಳಿಸಿ ತಿಳಿದುಕೊಂಡರು.

ಬ್ಯಾಣದಮನೆ (ಲೀಡ್ಸ್)
ಜುಲೈ 23, ರಾತ್ರಿ 9:10

ಎಲ್ಲರಿಗೂ ಒಂದು ವರದಿ. ಮ್ಯೂಕರ್‌ನಲ್ಲಿ ಕೊಯ್ಲು ಶುರುವಾಗಿದೆ. ಶನಿವಾರ ಹೋದಾಗ ಎರಡು ಗದ್ದೆ ಬೋಳಾಗಿತ್ತು, ಮೂರನೆಯದರಲ್ಲಿ ಹುಲ್ಲು ಸಾಲಾಗಿ ಒಣಗುತ್ತಿತ್ತು. ಆ ಘಮ! ಸ್ವೀಟ್ ವರ್ನಲ್ ಅನ್ನುವ ಹುಲ್ಲಿನಲ್ಲಿರುವ ಕೂಮರಿನ್‌ನಿಂದ ಅದು ಬರುತ್ತದಂತೆ. ಕಾರಿನ ಕಿಟಕಿ ಇಳಿಸಿಕೊಂಡೇ ಬಂದೆವು.

ನಮ್ಮ ಹಿತ್ತಿಲ ತುಂಡಿನಲ್ಲಿ ಈ ವರ್ಷ ಏನೂ ಬಿತ್ತಲಿಲ್ಲ, ಬರೀ ಕತ್ತರಿಸದೆ ಬಿಟ್ಟೆವು. ಬಿಳಿ ಕ್ಲೋವರ್ ಬಂತು, ನೇರಳೆ ಬಣ್ಣದ ಸೆಲ್ಫ್‌ಹೀಲ್ ಬಂತು. ಕ್ಯಾಟ್ಸ್‌ಇಯರ್ ಮೂರು ಗಿಡ. ಇವೆಲ್ಲ ಇಷ್ಟು ವರ್ಷ ಯಂತ್ರದ ಕೆಳಗೆ ತಲೆ ತಗ್ಗಿಸಿ ಕೂತಿದ್ದವು. ನಿನ್ನೆ ಕೊಯ್ದೆ. ಊರಿಂದ ತಂದಿದ್ದ ಕತ್ತಿ ಇತ್ತು, ಅದರಲ್ಲೇ. ಬೀಜ ಉದುರಲಿ ಅಂತ ಮೂರು ದಿನ ಅಲ್ಲೇ ಒಣಗಲು ಬಿಟ್ಟಿದ್ದೇನೆ.

ಸಾಗರದ ಮಲೆಮನೆ
ಜುಲೈ 24, ಬೆಳಿಗ್ಗೆ 6:30

ಎತ್ತಿದ ಮೇಲೆ ಎಲ್ಲಿಗೆ ಹಾಕುತ್ತೀರಿ ಅಕ್ಕಾ? ಇಲ್ಲಿ ನಾಲ್ಕು ದಿನದಿಂದ ಮಳೆ ಹಿಡಿದಿದೆ. ನನ್ನ ಬ್ಯಾಣದಲ್ಲಿ ಹುಲ್ಲು ಮೊಣಕಾಲು ಮುಟ್ಟಿದೆ.

ಬ್ಯಾಣದಮನೆ (ಲೀಡ್ಸ್)
ಜುಲೈ 24, ಸಂಜೆ 7:00

ಪಕ್ಕದ ಮನೆಯ ಮಕ್ಕಳು ಎರಡು ಮೊಲ ಸಾಕಿದ್ದಾರೆ. ಮೂರು ಹೊರೆ ಆಗಬಹುದು. ಒಂದನ್ನು ಆಗಲೇ ಕೇಳಿ ಹೋಗಿದ್ದಾರೆ.